ಕಟ್ಟುವುದಕ್ಕೆ ಅಪ್ಪಣೆ: ಎಜ್ರನ ಅರಾಮ್ಯದಲ್ಲಿ ಭಾವರೂಪದ ಚರಿತ್ರೆ

ಕ್ರಿ.ಪೂ. 520ರ ಸುಮಾರಿಗೆ, ಪಾರಸಿಯ ಅರಸನಾದ ದಾರ್ಯಾವೆಷನ ಆಳ್ವಿಕೆಯ ಎರಡನೆಯ ವರ್ಷದಲ್ಲಿ, ಯೆರೂಸಲೇಮಿನಲ್ಲಿ ನಿಂತುಹೋಗಿದ್ದ ದೇವಾಲಯದ ಕೆಲಸ ಮತ್ತೆ ಆರಂಭವಾಯಿತು. ಆಗ ಯೂಫ್ರೆಟಿಸ್ ನದಿಯಾಚೆಯ ಪ್ರಾಂತದ ಅಧಿಪತಿಯಾದ ತತ್ತೆನೈ ಸಂಗಡಿಗರೊಂದಿಗೆ ಅಲ್ಲಿಗೆ ಬಂದು, ಇದನ್ನು ಕಟ್ಟುವುದಕ್ಕೂ ಪೂರ್ಣಗೊಳಿಸುವುದಕ್ಕೂ ಅಪ್ಪಣೆ ಕೊಟ್ಟವರು ಯಾರೆಂದು ವಿಚಾರಿಸಿದನು. ಅವನ ಪ್ರಶ್ನೆಯು ನಮಗೆ ಅರಾಮ್ಯ ಭಾಷೆಯಲ್ಲಿಯೇ ಉಳಿದುಬಂದಿದೆ. ಆ ಪ್ರಶ್ನೆಯ ಭಾರವನ್ನು ಹೊತ್ತಿರುವುದು ಎರಡು ಭಾವರೂಪಗಳು. ಅವುಗಳ ಚರಿತ್ರೆಯನ್ನು ಅರಿತರೆ ಎಜ್ರನ ಗ್ರಂಥದ ಈ ಭಾಗದ ವಾದವೂ ಸ್ಪಷ್ಟವಾಗುತ್ತದೆ.

ಭಾವರೂಪವು ಕ್ರಿಯೆಯನ್ನು ಹೆಸರಿಸುತ್ತದೆಯೇ ಹೊರತು ಕರ್ತೃವನ್ನಾಗಲಿ ಕಾಲವನ್ನಾಗಲಿ ಸೂಚಿಸುವುದಿಲ್ಲ. ಕನ್ನಡದಲ್ಲಿ 'ಕಟ್ಟುವುದು' ಎಂಬ ಪದಕ್ಕೆ ಚತುರ್ಥೀ ವಿಭಕ್ತಿ ಸೇರಿ 'ಕಟ್ಟುವುದಕ್ಕೆ' ಎಂದಾಗುವಂತೆ, ಅರಾಮ್ಯದಲ್ಲಿ ಭಾವರೂಪದ ಹಿಂದೆ 'ಲ' ಎಂಬ ಉಪಸರ್ಗವು ಸಾಮಾನ್ಯವಾಗಿ ನಿಲ್ಲುತ್ತದೆ. ಧಾತುವಿನ ಸರಳ ಪ್ರಯೋಗದಲ್ಲಿ ಧಾತುವಿಗೆ ಮೊದಲು 'ಮ'ಕಾರ ಬರುತ್ತದೆ: 'ಬ್ನಾ' ಎಂಬ ಧಾತುವಿನಿಂದ 'ಲೆಮಿವ್ನೇ', ಅಂದರೆ ಕಟ್ಟುವುದಕ್ಕೆ. ಸಾಧಿತ ಪ್ರಯೋಗಗಳಲ್ಲಿ ಈ ಮಕಾರವಿಲ್ಲ. ಬದಲಾಗಿ ಕೊನೆಯಲ್ಲಿ ದೀರ್ಘ 'ಆ'ಕಾರವಿರುತ್ತದೆ. ಪೂರ್ಣಗೊಳಿಸುವುದಕ್ಕೆ ಎಂಬ ಅರ್ಥದ 'ಲೆಶಖ್ಲಾಲಾ', ನಿಲ್ಲಿಸುವುದಕ್ಕೆ ಎಂಬ ಅರ್ಥದ 'ಲೆಬಟ್ಟಾಲಾ' ಇದಕ್ಕೆ ಉದಾಹರಣೆಗಳು. ಎಜ್ರ 5:9ರ ಒಂದೇ ವಾಕ್ಯದಲ್ಲಿ ಸರಳ ಮತ್ತು ಸಾಧಿತ ರೂಪಗಳೆರಡೂ ಒಟ್ಟಿಗೆ ಬರುವುದರಿಂದ ವಿದ್ಯಾರ್ಥಿಗಳಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆದರೆ ಅಲ್ಲಿ ಒಂದು ಸಮಸ್ಯೆಯೂ ಇದೆ. ತತ್ತೆನೈ ಯೆರೂಸಲೇಮಿನಲ್ಲಿ ಪ್ರಶ್ನೆ ಕೇಳುವಾಗ (5:3) 'ಲಿಬ್ಬೆನೇ' ಎಂದಿದೆ. ಅದೇ ಪ್ರಶ್ನೆಯನ್ನು ಅವನು ಅರಸನಿಗೆ ಬರೆದ ಪತ್ರದಲ್ಲಿ ವರದಿ ಮಾಡುವಾಗ (5:9) 'ಲೆಮಿವ್ನೆಯಾ' ಎಂದಿದೆ. ಮೊದಲನೆಯದರಲ್ಲಿ ಮಕಾರ ಕಾಣುವುದಿಲ್ಲ. ಅದು ದ್ವಿತ್ವಗೊಂಡ ಬಕಾರದಲ್ಲಿ ಲೀನವಾಗಿದೆ ಎಂದು ವಿವರಿಸಬಹುದು. ಮಕಾರವಿಲ್ಲದ ಹಳೆಯ ರೂಪವೇ ಉಳಿದಿದೆ ಎಂದೂ ಹೇಳಬಹುದು. ಇಷ್ಟರಿಂದಲೇ ಒಂದು ವಚನ ಹಳೆಯದು, ಇನ್ನೊಂದು ಹೊಸದು ಎಂದು ತೀರ್ಮಾನಿಸುವುದು ದುಡುಕು. ಕ್ರಿ.ಪೂ. ಎಂಟನೆಯ ಶತಮಾನದ ಸೆಫೀರೆ ಶಾಸನಗಳಲ್ಲಿ ಸರಳ ಪ್ರಯೋಗದ ಭಾವರೂಪಕ್ಕೆ ಮಕಾರವಿಲ್ಲ. ಆದರೆ 1979ರಲ್ಲಿ ಸಿರಿಯದ ತೆಲ್ ಫೆಖೆರಿಯೆಯಲ್ಲಿ ದೊರೆತ, ಅದಕ್ಕೂ ಹಿಂದಿನದೆಂದು ಸಾಮಾನ್ಯವಾಗಿ ಎಣಿಸಲಾಗುವ ದ್ವಿಭಾಷಾ ಶಾಸನದಲ್ಲಿ ಮಕಾರವಿದೆ. ಎರಡು ರೂಪಗಳೂ ಬಹುಕಾಲ ಜೊತೆಯಾಗಿ ಬದುಕಿದ್ದವು. ಪಾರಸಿಯ ಆಡಳಿತ ಭಾಷೆಯು ಮಕಾರವುಳ್ಳ ರೂಪವನ್ನೇ ರೂಢಿಗೆ ತಂದಿತು.

ಈ ರೂಢಿಗೆ ಸಾಕ್ಷಿ ಈಜಿಪ್ಟಿನಿಂದ ಬಂದಿತು. ಎಜ್ರನ ಗ್ರಂಥದಲ್ಲಿರುವ ರಾಜಪತ್ರಗಳು ನಂತರದವರ ಕಲ್ಪನೆಯೆಂಬ ಸಂಶಯವು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಬಲವಾಗಿತ್ತು. 1896ರಲ್ಲಿ ಎಡ್ವರ್ಡ್ ಮೇಯರ್ ಅವುಗಳ ಪ್ರಾಮಾಣ್ಯವನ್ನು ಸಮರ್ಥಿಸಿದರು. ಆಮೇಲೆ ನೈಲ್ ನದಿಯ ಎಲೆಫಾಂಟೀನ್ ದ್ವೀಪದಲ್ಲಿ ಅರಾಮ್ಯ ಪಪೈರಸ್ ಪತ್ರಗಳು ದೊರೆತವು. 1911ರಲ್ಲಿ ಎಡ್ವರ್ಡ್ ಸಾಖಾವ್ ಅವುಗಳ ದೊಡ್ಡ ಸಂಗ್ರಹವನ್ನು ಪ್ರಕಟಿಸಿದರು. ಅಲ್ಲಿನ ಯೆಹೂದ್ಯರು ಕ್ರಿ.ಪೂ. 410ರಲ್ಲಿ ನಾಶವಾದ ತಮ್ಮ ದೇವಾಲಯಕ್ಕಾಗಿ 407ರಲ್ಲಿ ಯೆಹೂದದ ಅಧಿಪತಿಯಾದ ಬಗೋಹಿಗೆ ವಿಜ್ಞಾಪನೆ ಕಳುಹಿಸಿ, ತಮಗೆ ಅದನ್ನು ಕಟ್ಟಗೊಡುತ್ತಿಲ್ಲವೆಂದು ದುಃಖಿಸಿದರು. ಅಲ್ಲಿರುವ ಭಾವರೂಪದ ವ್ಯಂಜನಗಳೂ ಎಜ್ರ 5:9ರ ವ್ಯಂಜನಗಳೂ ಒಂದೇ: ಲ, ಮ, ಬ, ನ, ಯ, ಹ. ಅನುಕೂಲವಾಗಿ ಬಂದ ಉತ್ತರದ ಟಿಪ್ಪಣಿಯಲ್ಲಿಯೂ ಅದೇ ಪದವಿದೆ. ಆ ಉತ್ತರವು ನೈವೇದ್ಯವನ್ನೂ ಧೂಪವನ್ನೂ ಹೆಸರಿಸಿ, ಸರ್ವಾಂಗಹೋಮದ ವಿಷಯದಲ್ಲಿ ಮೌನವಾಗಿದೆ. ಈ ಹೋಲಿಕೆಯೊಂದೇ ಎಜ್ರನ ಪತ್ರಗಳ ಪ್ರಾಮಾಣ್ಯವನ್ನು ಸಿದ್ಧಪಡಿಸಲಾರದು. ಆದರೆ ಅವು ಪಾರಸಿಯ ಕಾಲದ ಕಚೇರಿಯ ನುಡಿಯನ್ನೇ ಆಡುತ್ತವೆಂಬುದನ್ನು ತೋರಿಸುತ್ತದೆ.

ಆ ನುಡಿಯಲ್ಲಿ ಅಪ್ಪಣೆಗೆ 'ಟೆಏಮ್' ಎಂದು ಹೆಸರು. ಅಪ್ಪಣೆಯ ವಿಷಯವನ್ನು ಅದರ ಬಳಿಯಲ್ಲಿ ಬರುವ ಭಾವರೂಪವು ಹೇಳುತ್ತದೆ. ಅರ್ತಷಸ್ತನ ಅಪ್ಪಣೆ ನಿಲ್ಲಿಸುವುದಕ್ಕೆ (4:21). ಕೋರೆಷನ ಅಪ್ಪಣೆ ಕಟ್ಟುವುದಕ್ಕೆ (5:13). ಅರಸರ ಬಾಯಲ್ಲಿ ಕ್ರಿಯೆಯು ಇನ್ನೂ ನಡೆದಿಲ್ಲ. ಅದು ಅನುಮತಿಯೋ ನಿಷೇಧವೋ ಆಗಿ ಪತ್ರದ ಮೇಲೆ ನಿಂತಿದೆ.

ಎಜ್ರ 6:14ಕ್ಕೆ ಬಂದಾಗ ವ್ಯಾಕರಣವು ಬದಲಾಗುತ್ತದೆ. ತತ್ತೆನೈಯ ಪ್ರಶ್ನೆಯಲ್ಲಿದ್ದ ಅದೇ ಎರಡು ಧಾತುಗಳು ಇಲ್ಲಿ 'ಬೆನೋ', 'ಶಖ್ಲಿಲೂ' ಎಂದು ಬರುತ್ತವೆ: ಕಟ್ಟಿದರು, ಪೂರ್ಣಗೊಳಿಸಿದರು. ಭಾವರೂಪವು ಪೂರ್ಣ ಕ್ರಿಯಾಪದವಾಗಿದೆ. ಹೆಸರಿಲ್ಲದ ಕ್ರಿಯೆಗೆ ಯೆಹೂದ್ಯರ ಹಿರಿಯರು ಕರ್ತೃಗಳಾಗಿದ್ದಾರೆ. ಯಾರ ಅಪ್ಪಣೆಯಿಂದ ಎಂಬ ಪ್ರಶ್ನೆಗೂ ಅಲ್ಲಿಯೇ ಉತ್ತರವಿದೆ: ಇಸ್ರಾಯೇಲಿನ ದೇವರ ಅಪ್ಪಣೆಯಿಂದ, ಅನಂತರವೇ ಪಾರಸಿಯ ಅರಸರ ಅಪ್ಪಣೆಯಿಂದ. ಸ್ವರಚಿಹ್ನೆ ಹಾಕಿದ ಮಸೋರೇತರು ದೇವರ ಅಪ್ಪಣೆಯನ್ನು 'ಟಅಮ್' ಎಂದೂ ಅರಸರದನ್ನು 'ಟೆಏಮ್' ಎಂದೂ ಬೇರೆಬೇರೆಯಾಗಿ ಓದಿಸಿದ್ದಾರೆ.

ಲೇಖಕನು ಅರಸರ ಪತ್ರಗಳನ್ನು ತಿರಸ್ಕರಿಸುವುದಿಲ್ಲ. ಅವುಗಳನ್ನು ಜೋಪಾನವಾಗಿ ನಕಲುಮಾಡಿದ್ದಾನೆ. ಆದರೂ ಅರಸನ ಅಪ್ಪಣೆಯು ಕೆಲಸಕ್ಕೆ ದಾರಿಮಾಡಬಲ್ಲದೇ ಹೊರತು ಅದರ ಮೂಲವಾಗಲಾರದು ಎಂಬುದೇ ಅವನ ಸಾಕ್ಷ್ಯ. ಆ ಹಿರಿಯರು ಅರಸನ ಉತ್ತರ ಬರುವವರೆಗೂ ಕೈ ಬಿಡದೆ ಕಟ್ಟುತ್ತಲೇ ಇದ್ದರು (5:5). ಆರಾಧನಾ ಸ್ಥಳಕ್ಕೆ ಅನುಮತಿಯನ್ನು ಕಾದು ಕುಳಿತಿರುವ ಸಭೆಗಳು ಇಂದಿಗೂ ಇರುವುದರಿಂದ, ಈ ಎರಡು ಧಾತುಗಳ ಪಯಣವು ವ್ಯಾಕರಣದ ತರಗತಿಯಲ್ಲಿಯೇ ಮುಗಿಯತಕ್ಕದ್ದಲ್ಲ.