ತುಟ್ಟಿ ಉಳಿ, ಸೋವಿ ಉಳಿ

ಹ್ವಾದ ವಾರ ನಮ್ಮ ವೈನಿ ಫೋನ್ ಮಾಡಿದ್ರು. ಅವರ ಮಗ ಬಡಿಗತನ ಕಲಿಯಾಕ ಹೊಂಟಾನ. "ಒಂದು ಅಂಗಡ್ಯಾಗ 6 ಉಳಿ ಕೂಡಿ 600 ರೂಪಾಯಿ, ಬಾಜೂಕ ಒಂದ ಉಳಿಗೇ 600. ಎರಡೂ ಒಂದೇ ಥರ ಹೊಳೀತಾವ. ನನ್ನ ಕಡೆ ಇರೂದು ಅಷ್ಟ ರೊಕ್ಕ. ಯಾವ್ದು ತಗೊಳ್ಳಲಿ?" ಅಂದ್ರು.

ಈ ಪ್ರಶ್ನೆ ಭಾಳ ಹಳೇದು. ಹಿಂದಕ ಕಬ್ಬಿಣ ಸೋವಿ, ಉಕ್ಕು ತುಟ್ಟಿ. ಹಿಂಗಾಗಿ ಕಂಬಾರರು ಉಳಿ, ಬಾಚಿ, ಕೊಡ್ಲಿ ಎಲ್ಲಾ ಕಬ್ಬಿಣದಾಗ ಮಾಡಿ, ಬಾಯಿಗಷ್ಟ ಉಕ್ಕಿನ ತುಂಡು ಕಾಸಿ ಬಡದು ಕೂಡಸ್ತಿದ್ರು. ಜಪಾನಿನ ಬಡಿಗರ ಉಳಿ ಇವತ್ತಿಗೂ ಹಂಗ ಇರ್ತಾವ.

ಇಂಗ್ಲೆಂಡಿನಾಗ ಕಬ್ಬಿಣದ ಪಟ್ಟಿ ಇದ್ದಲಿಯೊಳಗ ಹುಗದು, ದಿನಗಟ್ಟಲೆ ಕಾಸಿ ಉಕ್ಕು ಮಾಡ್ತಿದ್ರು. ಇದ್ದಲಿಯ ಇಂಗಾಲ ಮ್ಯಾಲ ಹೆಚ್ಚು, ಒಳಗ ಕಡಿಮಿ ಇಳೀತಿತ್ತು. 1740ರ ದಶಕದಾಗ ಬೆಂಜಮಿನ್ ಹಂಟ್ಸ್‌ಮನ್ ಅನ್ನೋ ಗಡಿಯಾರ ಮಾಡಾಂವ, ಸ್ಪ್ರಿಂಗಿಗೆ ಛಲೋ ಉಕ್ಕು ಬೇಕಂತ, ಶೆಫೀಲ್ಡ್ ಹತ್ರ ಆ ಉಕ್ಕನ್ನ ಮಣ್ಣಿನ ಮೂಸಿಯೊಳಗ ಪೂರ್ತಿ ಕರಗಿಸಿದ, ನಮ್ಮ ಅಕ್ಕಸಾಲಿಗರು ಬಂಗಾರ ಕರಗಿಸಿದಂಗ. ಇಂಗಾಲ ಎಲ್ಲಾ ಕಡೆ ಸಮ ಆತು. ಮುಂದ ಅಂಥಾ ಉಳಿ ಮ್ಯಾಲ 'ಕಾಸ್ಟ್ ಸ್ಟೀಲ್' ಅಂತ ಮುದ್ರಿ ಹೊಡೆಯೋ ರೂಢಿ ಬಂತು.

ಮೂಸಿಯೊಳಗ ಉಕ್ಕು ಮಾಡೂದು ನಮ್ಮ ದೇಶದಾಗ ಅದಕ್ಕಿಂತ ಎಷ್ಟೋ ಹಳೇದು. 1800ರಾಗ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ತಿರುಗುವಾಗ ಮಾಗಡಿ ಕಡೆ ಅದನ್ನ ಕಂಡು ಬರದಾನ. ಇಂಗ್ಲಿಷರು ಈ ಉಕ್ಕಿಗೆ 'ವೂಟ್ಸ್' ಅಂದ್ರು. ನಮ್ಮ 'ಉಕ್ಕು' ಅನ್ನೋ ಮಾತೇ ಹಂಗಾತು ಅಂತ ಭಾಳ ವಿದ್ವಾಂಸರು ಹೇಳ್ತಾರ.

1856ರಾಗ ಹೆನ್ರಿ ಬೆಸೆಮರ್ ಹೊಸ ವಿಧಾನ ತಂದ. ಉಕ್ಕು ಸೋವಿ ಆತು. ರೈಲು ಹಳಿಗೆ ಅದು ಸಾಕಾತು, ಉಳಿಯ ಬಾಯಿಗೆ ಸಾಲಲಿಲ್ಲ. ಶೆಫೀಲ್ಡಿನ ಮೂಸಿ ಒಲಿ 20ನೇ ಶತಮಾನದ ತನಕ ಉರೀತಿದ್ವು.

ಈಗ ಸೋವಿ ಉಳಿನೂ ಉಕ್ಕಿಂದೇ. ಫರಕು ಇರೂದು ಉಕ್ಕಿನ ಗುಣದಾಗ, ಅದಕ್ಕ ಹಾಕಿದ ಹದದಾಗ. ಮೆತ್ತಗಾದ್ರ ಬಾಯಿ ಮಡಚ್ತದ, ಗಡಸು ಹೆಚ್ಚಾದ್ರ ಚಕ್ಕೆ ಏಳ್ತದ. ಇದು ಅಂಗಡ್ಯಾಗ ಕಾಣೂದಿಲ್ಲ, ಕಟ್ಟಿಗಿ ಗಂಟಿಗೆ ಹೊಡದಾಗ ಕಾಣ್ತದ. ಹಂಗಂತ ತುಟ್ಟಿದ್ದೆಲ್ಲಾ ಛಲೋನೂ ಅಲ್ಲ, ಅನುಭವದ ಬಡಿಗರನ್ನ ಕೇಳೇ ತಗೋಬೇಕು.

ವೈನಿಗೆ ಹೇಳಿದೆ: "ಕೇಳಿಕೊಂಡು ಒಂದ ಛಲೋ ಉಳಿ ಕೊಡಸ್ರಿ. ಸಾಣಿಕಲ್ಲು ನಮ್ಮ ಮನ್ಯಾಗ ಅದ, ನಾ ಕೊಡ್ತೀನಿ. ಘಳಿಗಿಗೊಮ್ಮೆ ಬಾಯಿ ಹೋಗೋ ಉಳಿ ಕೊಟ್ರ, ಪಾಪ, ಹುಡುಗ ತನ್ನ ಕೈಯೇ ಸರಿ ಇಲ್ಲ ಅಂತ ತಿಳಕೊಂಡಾನು."