ಮುಂಬಯಿಯ ನಿಸರ್ಗೇತಿಹಾಸ

ಕೋಟಿಗೂ ಮಿಕ್ಕ ಜನರು ವಾಸಿಸುವ ಮುಂಬಯಿಯು ತನ್ನ ಎಲ್ಲೆಯೊಳಗೇ ಚಿರತೆಗಳು ಸಂಚರಿಸುವ ಅರಣ್ಯವನ್ನೂ, ರಾಜಹಂಸಗಳು ಮೇಯುವ ಕೆಸರುಬಯಲನ್ನೂ, ಕಾಂಡ್ಲಾ (ಮ್ಯಾಂಗ್ರೋವ್) ವನಗಳನ್ನೂ ಉಳಿಸಿಕೊಂಡಿರುವ ನಗರ. ಆ ಅರಣ್ಯವು ಉಳಿದುಬಂದುದು ವನ್ಯಜೀವಿಗಳ ಮೇಲಣ ಕರುಣೆಯಿಂದಲ್ಲ, ನಗರದ ಬಾಯಾರಿಕೆಯಿಂದ.

ಈ ನೆಲದ ತಳಹದಿಯು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದು ಹೆಪ್ಪುಗಟ್ಟಿದ ಲಾವಾಶಿಲೆ. ಅಂಧೇರಿಯ ಗಿಲ್ಬರ್ಟ್ ಗುಡ್ಡದಲ್ಲಿ ಅದು ನೆಟ್ಟನೆಯ ಕಂಬಗಳಾಗಿ ನಿಂತಿದೆ. ವರ್ಲಿಯಲ್ಲಿ ಲಾವಾಪದರಗಳ ನಡುವೆ ದೊರೆತ ಪುಟ್ಟ ಕಪ್ಪೆಗಳ ಪಳೆಯುಳಿಕೆಗಳು, ಅಗ್ನಿಪ್ರವಾಹಗಳ ಬಿಡುವಿನಲ್ಲಿ ಇಲ್ಲಿ ಸಿಹಿನೀರಿನ ಮಡುಗಳಿದ್ದುವೆಂಬುದಕ್ಕೆ ಸಾಕ್ಷಿ.

1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾದಾಗ ಇದು ಏಳು ದ್ವೀಪಗಳ ಗುಂಪಾಗಿದ್ದಿತು. ಕೋಲಿ ಬೆಸ್ತರು ಬಲೆ ಬೀಸುತ್ತಿದ್ದ ಅಳಿವೆಗಳಿಗೆ, 18ನೆಯ ಶತಮಾನದ ಉತ್ತರಾರ್ಧದಲ್ಲಿ ಗವರ್ನರ್ ಹಾರ್ನ್‌ಬಿಯ ಹೆಸರಿನ ಒಡ್ಡು ಮೊದಲಾಗಿ, ಒಂದರ ಹಿಂದೊಂದು ಕಟ್ಟೆಗಳು ಎದ್ದು, ಗುಡ್ಡಗಳ ಮಣ್ಣು ತಗ್ಗುಗಳನ್ನು ತುಂಬಿ, ದ್ವೀಪಗಳು ಒಂದೇ ಭೂಶಿರವಾದುವು.

ಜನಸಂಖ್ಯೆ ಬೆಳೆದಂತೆ ಬಾವಿಗಳ ನೀರು ಸಾಲದಾಗಿ, ಉತ್ತರದ ಸಾಷ್ಟಿ ದ್ವೀಪದ ಬೆಟ್ಟಗಳಲ್ಲಿ 1860ರಲ್ಲಿ ವಿಹಾರ ಸರೋವರವೂ 1879ರಲ್ಲಿ ತುಳಸಿ ಸರೋವರವೂ ನಿರ್ಮಿತವಾದುವು. ಶತಮಾನಗಳ ಹಿಂದೆ ಸಮೀಪದ ಕಾನ್ಹೇರಿ ಗುಹೆಗಳ ಬೌದ್ಧ ಭಿಕ್ಷುಗಳು ಬಂಡೆಯಲ್ಲಿ ತೊಟ್ಟಿಗಳನ್ನು ಕೊರೆದು ಮಳೆನೀರನ್ನು ಹಿಡಿದಿಟ್ಟುದು ಇದೇ ಬೆಟ್ಟಗಳಲ್ಲಿ. ಕೆರೆಗಳ ಜಲಾನಯನಕ್ಕಾಗಿ ಕಾಯ್ದಿಟ್ಟ ಕಾಡೇ ಇಂದು ಸುಮಾರು 104 ಚದರ ಕಿಲೋಮೀಟರು ವಿಸ್ತಾರದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಹೃದಯಭಾಗ. ಇಲ್ಲಿನ ಚಿರತೆಗಳು ಜಿಂಕೆಗಳೊಡನೆ ಅಂಚಿನ ಬಡಾವಣೆಗಳ ಬೀದಿನಾಯಿಗಳನ್ನೂ ತಿಂದು ಜೀವಿಸುವುವು. ಇಲ್ಲಿನ ಆದಿವಾಸಿಗಳಾದ ವಾರ್ಲಿ ಜನರು ಅವನ್ನು ವಾಘೋಬನೆಂದು ಪೂಜಿಸಿ ಜೊತೆಯಲ್ಲೇ ಬಾಳಿದ್ದಾರೆ. 2004ರಲ್ಲಿ ಅನೇಕರು ಚಿರತೆಗಳಿಗೆ ಬಲಿಯಾದಾಗ, ಬೇರೆಡೆ ಹಿಡಿದ ಚಿರತೆಗಳನ್ನು ತಂದು ಇಲ್ಲಿ ಬಿಟ್ಟುದೇ ಅದಕ್ಕೆ ಮುಖ್ಯ ಕಾರಣವೆಂದು ತಜ್ಞರು ಅಭಿಪ್ರಾಯಪಟ್ಟರು.

ಈ ಜೀವಸಂಪತ್ತಿನ ಶಾಸ್ತ್ರೀಯ ಅಧ್ಯಯನಕ್ಕೆ 1883ರಲ್ಲಿ ಎಂಟು ಮಂದಿ ಸೇರಿ ಸ್ಥಾಪಿಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೇ ಆಧಾರವಾಯಿತು. ಆತ್ಮಾರಾಮ ಪಾಂಡುರಂಗ ಮತ್ತು ಸಖಾರಾಮ ಅರ್ಜುನರು ಆ ಎಂಟು ಮಂದಿಯಲ್ಲಿದ್ದ ಭಾರತೀಯರು. ಕನ್ನಡಿಗರು ನೆನೆಯಬೇಕಾದ ಸಂಗತಿಯೊಂದುಂಟು: ಸಂಸ್ಥೆಯ ಲಾಂಛನದಲ್ಲಿರುವ ಮಂಗಟ್ಟೆ ಹಕ್ಕಿಗೆ ಮೂಲವಾದುದು, 1894ರಲ್ಲಿ ಕಾರವಾರದಿಂದ ಬಂದು, ವಿಲಿಯಂ ಎಂಬ ಹೆಸರು ಪಡೆದು, 1920ರವರೆಗೆ ಸಂಸ್ಥೆಯ ಕಚೇರಿಯಲ್ಲೇ ಬಾಳಿದ ಪಕ್ಷಿ. ಮುಂದೆ ಪಕ್ಷಿಶಾಸ್ತ್ರಜ್ಞನಾದ ಬಾಲಕ ಸಲೀಂ ಅಲಿಯು ತಾನು ಹೊಡೆದ ಹಳದಿ ಕೊರಳಿನ ಗುಬ್ಬಿಯ ಪರಿಚಯ ಕೇಳಿಕೊಂಡು ಬಂದುದೂ ಈ ಕಚೇರಿಗೇ.

ಸಮುದ್ರದಂಚಿನ ಕಾಂಡ್ಲಾ ಗಿಡಗಳು ಪೆನ್ಸಿಲಿನಂಥ ಉಸಿರುಬೇರುಗಳನ್ನು ಕೆಸರಿನಿಂದ ಮೇಲಕ್ಕೆತ್ತಿ, ಹೂಳನ್ನು ತಡೆದು, ಮೀನು ಏಡಿಗಳ ಮರಿಗಳಿಗೆ ಆಶ್ರಯ ಕೊಡುವುವು. ಅವನ್ನು ಕಡಿದು ಮಿಠೀ ನದಿಯ ದಡಗಳನ್ನು ಒತ್ತರಿಸಿದುದು 2005ರ ಜುಲೈ 26ರಂದು, ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದ ದಿನ, ಪ್ರವಾಹವನ್ನು ಇನ್ನಷ್ಟು ಭೀಕರವಾಗಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೈಕೋರ್ಟು ಕಾಂಡ್ಲಾ ನಾಶವನ್ನು ನಿಷೇಧಿಸಿತು.

1990ರ ದಶಕದಿಂದ ಶಿವಡಿ ಮತ್ತು ಠಾಣೆ ಅಳಿವೆಯ ಕೆಸರಿಗೆ ಚಳಿಗಾಲದಲ್ಲಿ ಸಾವಿರಾರು ರಾಜಹಂಸಗಳು ಬರತೊಡಗಿದುವು. ಇಳಿತದ ವೇಳೆ ಅವು ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು ಪಾಚಿಯನ್ನು ಸೋಸಿ ಮೇಯುವುದನ್ನು ಶಿವಡಿಯ ದಕ್ಕೆಯಿಂದ ನೋಡಬಹುದು. ಅಳಿವೆಯ ಒಂದು ಭಾಗವು 2015ರಲ್ಲಿ ಅಭಯಾರಣ್ಯವಾಗಿ, 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಉಬ್ಬರವೇರಿದಾಗ ಈ ಹಕ್ಕಿಗಳು ತಂಗುವ ನವಿ ಮುಂಬಯಿಯ ಜೌಗುಗಳು ಆ ಮೇರೆಯ ಹೊರಗಿವೆ; ಅವುಗಳಿಗೂ ಅಂಥ ರಕ್ಷಣೆ ದೊರೆಯದೆ ಅಭಯಾರಣ್ಯದ ಉದ್ದೇಶ ಪೂರ್ಣವಾಗದು.