ಪಿಜಿ ಸೇರುವ ಮುನ್ನ: ಕಿವಿಗೆ ಬೀಳುವ ಏಳು ಮಾತು, ನಿಯಮ ಹೇಳುವುದೇನು?

ಡಿಗ್ರಿಯ ಕೊನೆಯ ಸೆಮಿಸ್ಟರ್ ಬರುತ್ತಿದ್ದಂತೆ ಮನೆಯಲ್ಲಿ, ಹಾಸ್ಟೆಲಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಸ್ನಾತಕೋತ್ತರ ಪದವಿಯ ಮಾತು ಶುರುವಾಗುತ್ತದೆ. ಅಣ್ಣನ ಗೆಳೆಯರು, ಸೀನಿಯರ್‌ಗಳು, ಪಕ್ಕದ ಮನೆಯ ಮೇಷ್ಟ್ರು ಎಲ್ಲರೂ ಸಲಹೆ ಕೊಡುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರದು ತಾವು ಸೇರಿದ ವರ್ಷದ ಅನುಭವ. ಈಚಿನ ವರ್ಷಗಳಲ್ಲಿ ನಿಯಮಗಳು ಸಾಕಷ್ಟು ಬದಲಾಗಿವೆ, ಹಳೆಯ ಮಾಹಿತಿ ನಂಬಿ ಸೇರಿದರೆ ಹೋಗುವುದು ನಿಮ್ಮ ಎರಡು ವರ್ಷ ಮತ್ತು ಮನೆಯವರ ದುಡ್ಡು. ಹೆಚ್ಚಾಗಿ ಕೇಳಿಬರುವ ಏಳು ಮಾತುಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

1. "ಡಿಗ್ರಿಯಲ್ಲಿ ಓದಿದ ವಿಷಯದಲ್ಲೇ ಪಿಜಿ ಮಾಡಬೇಕು"

ಅರ್ಧ ಸತ್ಯ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2024ರಲ್ಲಿ ಸ್ನಾತಕೋತ್ತರ ಕೋರ್ಸುಗಳಿಗಾಗಿ ಹೊಸ ಚೌಕಟ್ಟನ್ನು ಪ್ರಕಟಿಸಿತು. ಪ್ರವೇಶ ಪರೀಕ್ಷೆಯಲ್ಲಿ ಅರ್ಹತೆ ಪಡೆದರೆ ಡಿಗ್ರಿಯಲ್ಲಿ ಓದದ ವಿಷಯಕ್ಕೂ ಸೇರಲು ಅದರಲ್ಲಿ ಅವಕಾಶವಿದೆ. ಆದರೆ ಸೀಟು ಕೊಡುವುದು ವಿಶ್ವವಿದ್ಯಾಲಯ. ಅದರ ಆ ವರ್ಷದ ಅಧಿಸೂಚನೆಯಲ್ಲಿ ಏನಿದೆ ಎಂಬುದೇ ಕೊನೆಯ ಮಾತು. ನಾನು ಓದಿದ ಸಂವಹನ ಮತ್ತು ಪತ್ರಿಕೋದ್ಯಮಕ್ಕೆ ಸಾಮಾನ್ಯವಾಗಿ ಯಾವುದೇ ಡಿಗ್ರಿಯವರು ಅರ್ಜಿ ಹಾಕಬಹುದು. ರಸಾಯನಶಾಸ್ತ್ರದ ಎಂಎಸ್ಸಿಗೆ ಹಾಗಲ್ಲ, ಡಿಗ್ರಿಯಲ್ಲಿ ಆ ವಿಷಯ ಓದಿರಬೇಕು ಎಂದು ಕೇಳುವ ಕಡೆಯೇ ಹೆಚ್ಚು.

2. "ಪಿಜಿ ಎಂದರೆ ಎರಡು ವರ್ಷ"

ಈಗ ಇದು ನಿಮ್ಮ ಡಿಗ್ರಿಯನ್ನು ಅವಲಂಬಿಸಿದೆ. ಮೂರು ವರ್ಷದ ಡಿಗ್ರಿ ಮುಗಿಸಿದವರಿಗೆ ಎರಡು ವರ್ಷ. ನಾಲ್ಕು ವರ್ಷದ ಆನರ್ಸ್ ಮುಗಿಸಿದವರಿಗೆ ಒಂದು ವರ್ಷದ ಪಿಜಿಗೂ ಅವಕಾಶವಿದೆ, ಆದರೆ ಅಂಥ ಕೋರ್ಸು ಎಲ್ಲ ಕಡೆ ಇಲ್ಲ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಡಿಗ್ರಿ ಆರಂಭವಾಗಿ, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಹಾಗಾಗಿ ಒಂದೇ ಮನೆಯ ಅಕ್ಕ-ತಂಗಿಗೆ ಬೇರೆ ಬೇರೆ ನಿಯಮ ಅನ್ವಯಿಸಬಹುದು.

ಇದಕ್ಕೆ ಸೇರಿದ ಇನ್ನೊಂದು ಬದಲಾವಣೆಯೂ ಇದೆ. 2022ರ ಪಿಎಚ್‌ಡಿ ನಿಯಮಗಳ ಪ್ರಕಾರ, ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ. 75 ಅಂಕ ಪಡೆದವರು ಪಿಜಿ ಮಾಡದೆಯೇ ಪಿಎಚ್‌ಡಿ ಪ್ರವೇಶಕ್ಕೆ ಅರ್ಹರು. ಮೀಸಲಾತಿ ವರ್ಗದವರಿಗೆ ಇದರಲ್ಲಿ ಶೇ. 5ರ ವಿನಾಯಿತಿ ಕೊಡಬಹುದು.

3. "ಪ್ರವೇಶ ಪರೀಕ್ಷೆ ಬರೆದರೆ ಅರ್ಜಿ ಹಾಕಿದ ಹಾಗೆಯೇ"

ತಪ್ಪು. ಒಳ್ಳೆಯ ಅಂಕ ಬಂದರೂ ಸೀಟು ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ ಸೇರಿದಂತೆ ಕೇಂದ್ರೀಯ ವಿ.ವಿ.ಗಳಿಗೆ ಎನ್‌ಟಿಎ ನಡೆಸುವ ಸಿಯುಇಟಿ-ಪಿಜಿ ಪರೀಕ್ಷೆ ಇದೆ. ಅದು ಅಂಕ ಕೊಡುತ್ತದೆ, ಸೀಟು ಕೊಡುವುದಿಲ್ಲ. ಫಲಿತಾಂಶ ಬಂದ ಮೇಲೆ ನಿಮಗೆ ಬೇಕಾದ ಒಂದೊಂದು ವಿಶ್ವವಿದ್ಯಾಲಯದ ಜಾಲತಾಣದಲ್ಲೂ ಬೇರೆ ನೋಂದಣಿ ಮಾಡಬೇಕು.

ರಾಜ್ಯದಲ್ಲಿ ಎಂಬಿಎ, ಎಂಸಿಎ, ಎಂಟೆಕ್‌ಗೆ ಕೆಇಎ ನಡೆಸುವ ಪಿಜಿಸಿಇಟಿ ಇದೆ. ಎಂಎ, ಎಂಎಸ್ಸಿ, ಎಂಕಾಂಗೆ ರಾಜ್ಯದ ವಿಶ್ವವಿದ್ಯಾಲಯಗಳು ತಂತಮ್ಮ ಅಧಿಸೂಚನೆ ಹೊರಡಿಸುತ್ತವೆ. ಜಾತಿ-ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ 371-ಜೆ ಪ್ರಮಾಣಪತ್ರ, ಇವನ್ನು ಅಧಿಸೂಚನೆ ಬರುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ವಾರ ನಾಡಕಚೇರಿಗೆ ಓಡಿದರೆ ಕಾಗದ ಕೈಸೇರುವಷ್ಟರಲ್ಲಿ ಅವಧಿ ಮುಗಿದಿರಬಹುದು.

4. "ದೂರಶಿಕ್ಷಣದ ಪದವಿಗೆ ಬೆಲೆ ಇಲ್ಲ"

ತಪ್ಪು, ಆದರೆ ಒಂದು ಷರತ್ತಿದೆ. ಮಾನ್ಯತೆ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಪಡೆದ ಪದವಿ ರೆಗ್ಯುಲರ್ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ನೋಡಬೇಕಾದದ್ದು ಮೂರು ವಿಷಯ: ಆ ಸಂಸ್ಥೆಗೆ, ಆ ಕೋರ್ಸಿಗೆ, ನೀವು ಸೇರುವ ಆ ವರ್ಷಕ್ಕೆ ಮಾನ್ಯತೆ ಇದೆಯೇ?

ವರ್ಷ ಏಕೆ ಮುಖ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇದೆ, ಸರ್ಕಾರಿ ಕಾಯ್ದೆಯಿಂದಲೇ ಹುಟ್ಟಿದ್ದು. ಆದರೂ 2012-13ರ ನಂತರ ಅದರ ಯುಜಿಸಿ ಮಾನ್ಯತೆ ನವೀಕರಣವಾಗಲಿಲ್ಲ. 2018ರಲ್ಲಿ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದವರು ತಮ್ಮದಲ್ಲದ ತಪ್ಪಿಗೆ ವರ್ಷಗಟ್ಟಲೆ ಅತಂತ್ರರಾಗಿ ಕಾದರು. ಈಗ ಅಲ್ಲಿ ಸೇರುವವರಿಗೆ ಆ ತೊಂದರೆ ಇಲ್ಲ. ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ವರ್ಷವಾರು ಪಟ್ಟಿ ಸಿಗುತ್ತದೆ, ನೋಡಲು ಹತ್ತು ನಿಮಿಷ ಸಾಕು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಪ್ರಕಟಿಸುತ್ತದೆ.

5. "ಬಿಟ್ಟು ಹೋದರೆ ಶುಲ್ಕವೂ ಇಲ್ಲ, ಮಾರ್ಕ್ಸ್ ಕಾರ್ಡೂ ಇಲ್ಲ"

ತಪ್ಪು. ಈ ಹೆದರಿಕೆಗೇ ಇಷ್ಟವಿಲ್ಲದ ಕೋರ್ಸಿನಲ್ಲಿ ಉಳಿದುಬಿಡುವವರಿದ್ದಾರೆ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ ಸಂಸ್ಥೆಗಳು ಮೂಲ ಅಂಕಪಟ್ಟಿ, ಟಿಸಿ ಮುಂತಾದವನ್ನು ಪರಿಶೀಲಿಸಿ ವಾಪಸು ಕೊಡಬೇಕು. ಇಟ್ಟುಕೊಳ್ಳುವಂತಿಲ್ಲ.

ಶುಲ್ಕದ ಲೆಕ್ಕ ಹೀಗಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ ವಾಪಸು, ಪ್ರಕ್ರಿಯೆಯ ಖರ್ಚೆಂದು ಶೇ. 5ರವರೆಗೆ, ಅದೂ ₹5,000 ಮೀರದಂತೆ, ಹಿಡಿಯಬಹುದು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇದ್ದರೆ ಶೇ. 90. ಕೊನೆಯ ದಿನ ದಾಟಿ 15 ದಿನದೊಳಗೆ ಶೇ. 80, ನಂತರ 30 ದಿನದವರೆಗೆ ಶೇ. 50. ಆಮೇಲೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಆದೇಶಗಳನ್ನೂ ಹೊರಡಿಸಿದೆ. ಬಿಡುವುದಿದ್ದರೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ದಿನಾಂಕ ಹಾಕಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಂಸ್ಥೆ ಒಪ್ಪದಿದ್ದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

6. "ಸೇರುವುದೇ ಕಷ್ಟ, ಆಮೇಲೆ ಆರಾಮ"

ಲೆಕ್ಕ ಹಾಕಿ ನೋಡಿ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ ಎಂದರೆ ತರಗತಿ, ಓದು, ಬರೆಹ ಎಲ್ಲ ಸೇರಿ 30 ಗಂಟೆಯ ಕಲಿಕೆ. ಸೆಮಿಸ್ಟರಿಗೆ 20 ಕ್ರೆಡಿಟ್ ಎಂದರೆ 600 ಗಂಟೆ. 16 ವಾರಕ್ಕೆ ಹಂಚಿದರೆ ವಾರಕ್ಕೆ 37 ಗಂಟೆಗೂ ಹೆಚ್ಚು. ಇದು ಪೂರ್ಣಾವಧಿ ಕೆಲಸಕ್ಕೆ ಹತ್ತಿರದ ಹೊರೆ. ಬಹುತೇಕ ಕಡೆ ಶೇ. 75 ಹಾಜರಿಯೂ ಬೇಕು. ಕೆಲಸ ಮಾಡಿಕೊಂಡೇ ಓದಬೇಕಾದ ಅನಿವಾರ್ಯತೆ ಇದ್ದರೆ ಮಾನ್ಯತೆ ಇರುವ ದೂರಶಿಕ್ಷಣ ಹೆಚ್ಚು ಪ್ರಾಮಾಣಿಕ ಆಯ್ಕೆ.

ಸಂಶೋಧನಾ ಪ್ರಬಂಧ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ನಿಯಮ ತಂದಿದೆ. ಇತರರ ಬರೆಹದೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. ಶೇ. 40ರಿಂದ 60 ಇದ್ದರೆ ತಿದ್ದಿದ ಪ್ರತಿ ಸಲ್ಲಿಸಲು ಒಂದು ವರ್ಷ ತಡೆ. ಶೇ. 60 ದಾಟಿದರೆ ನೋಂದಣಿಯೇ ರದ್ದು. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸಿದರೆ ಸಾಫ್ಟ್‌ವೇರ್‌ಗೆ ಸಿಗುವುದಿಲ್ಲ ಎಂಬ ಧೈರ್ಯ ಕೆಲವರಿಗಿದೆ. ಸಿಗಲಿ ಬಿಡಲಿ, ಯಾರ ವಿಚಾರವೆಂದು ಹೇಳದೆ ಬರೆದರೆ ಅದೂ ಕೃತಿಚೌರ್ಯವೇ. ಓದುವಾಗಲೇ ಪುಸ್ತಕದ ಹೆಸರು, ಪುಟಸಂಖ್ಯೆ ಗುರುತು ಹಾಕಿಕೊಂಡರೆ ಈ ತೊಂದರೆ ಬರುವುದಿಲ್ಲ.

7. "ಪಾಸಾದರೆ ಸಾಕು, ಅಂಕ ಯಾರು ಕೇಳುತ್ತಾರೆ?"

ಅಧ್ಯಾಪಕರಾಗುವ ಆಸೆ ಇದ್ದರೆ ಕೇಳುತ್ತಾರೆ. ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಗಾಗಿ ಯುಜಿಸಿ-ನೆಟ್ ಬರೆಯಲು ಪಿಜಿಯಲ್ಲಿ ಶೇ. 55 ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ತೃತೀಯ ಲಿಂಗಿಗಳಿಗೆ ಶೇ. 50. ಇದರಲ್ಲಿ ಅಂಕವನ್ನು ಮೇಲಕ್ಕೆ ಸರಿಹೊಂದಿಸುವಂತಿಲ್ಲ: 54.9 ಎಂದರೆ 55 ಅಲ್ಲ. ಅಂಕಪಟ್ಟಿಯಲ್ಲಿ ಸಿಜಿಪಿಎ ಮಾತ್ರ ಇದ್ದರೆ ಅದನ್ನು ಶೇಕಡಾವಾರಿಗೆ ಬದಲಿಸುವ ಸೂತ್ರ ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ಥರ. ಆ ಸೂತ್ರವನ್ನು ಮೊದಲ ಸೆಮಿಸ್ಟರಿನಲ್ಲೇ ಕೇಳಿ ತಿಳಿದುಕೊಳ್ಳಿ, ನಾಲ್ಕನೆಯದರಲ್ಲಿ ತಿಳಿದರೆ ಸರಿಪಡಿಸಲು ಸಮಯ ಉಳಿದಿರುವುದಿಲ್ಲ.

ಹಣ ಕಟ್ಟುವ ಮುನ್ನ

ಈ ಐದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ:

- ಈ ವರ್ಷದ ಅಧಿಸೂಚನೆಯಲ್ಲಿ ನನ್ನ ಡಿಗ್ರಿಗೆ ಅರ್ಹತೆ ಇದೆಯೇ?
- ಸಂಸ್ಥೆ ಮತ್ತು ಕೋರ್ಸಿಗೆ ಈ ವರ್ಷ ಮಾನ್ಯತೆ ಇದೆಯೇ?
- ಹಾಸ್ಟೆಲ್, ಪರೀಕ್ಷಾ ಶುಲ್ಕ ಸೇರಿ ಎರಡು ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ?
- ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನನಗೆ ಯಾವುದು ಸಿಗುತ್ತದೆ, ಅರ್ಜಿಗೆ ಕೊನೆಯ ದಿನ ಯಾವುದು?
- ಬಿಡಬೇಕಾಗಿ ಬಂದರೆ ಯಾವ ದಿನಾಂಕದೊಳಗೆ ಹೇಳಬೇಕು?

ಸಲಹೆ ಎಲ್ಲರಿಂದಲೂ ಕೇಳಿ. ಆದರೆ ಈ ಐದು ಪ್ರಶ್ನೆಗಳ ಉತ್ತರವನ್ನು ಅಧಿಸೂಚನೆಯಲ್ಲಿ ನೀವೇ ಓದಿ, ಅದರ ಪ್ರತಿಯನ್ನು ಪದವಿ ಕೈಸೇರುವವರೆಗೂ ತೆಗೆದಿಟ್ಟುಕೊಳ್ಳಿ.